ಶಾಲೆಗೆ ಹೋಗುತ್ತೇನೆಂದು ಹಟ ಹಿಡಿದ ಪುಟ್ಟ ರಾಕ್ಷಸ

ಅಕ್ಟೋಬರ್ ಬಂತೆಂದರೆ ಅಮೆರಿಕದ ಮನೆಗಳ ಅಂಗಳದಲ್ಲಿ 12 ಅಡಿ ಎತ್ತರದ ಅಸ್ಥಿಪಂಜರಗಳು ಎದ್ದು ನಿಲ್ಲುತ್ತವೆ. ಭೂತಪ್ರೇತಗಳ ವೇಷ ತೊಡುವ ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಚಿಕ್ಕ ಮಕ್ಕಳಿಗೆ ಏನನ್ನು ಓದಿ ಹೇಳಬಹುದೆಂದು ಇಲ್ಲಿನ ಸ್ನೇಹಿತರು ಕೇಳಿದಾಗ ನಾನು ಸೂಚಿಸುವುದು ‘ಮೆಲ್ವಿನ್ ಮಾನ್‌ಸ್ಟರ್’ ಎಂಬ ಹಳೆಯ ಕಾಮಿಕ್ಸನ್ನು. ಜಾನ್ ಸ್ಟ್ಯಾನ್ಲಿ ತಾವೇ ಬರೆದು, ತಾವೇ ಚಿತ್ರ ಬಿಡಿಸಿದ ಈ ಪುಸ್ತಕಮಾಲೆಯನ್ನು ಡೆಲ್ ಪ್ರಕಾಶನ 1965ರಲ್ಲಿ 12 ಸೆಂಟ್ ಬೆಲೆಗೆ ಹೊರತಂದಿತು. 1969ರಲ್ಲಿ 10ನೇ ಸಂಚಿಕೆಗೆ ಅದು ನಿಂತುಹೋಯಿತು. ಆ ಕೊನೆಯ ಸಂಚಿಕೆಯೂ ಮೊದಲನೆಯದರ ಮರುಮುದ್ರಣವೇ. ಈ ವಾರ ಮಗಳೊಂದಿಗೆ ಕುಳಿತು ಅದನ್ನು ಮತ್ತೆ ಓದಿದ ಮೇಲೆ, ಮಕ್ಕಳ ಕಾಮಿಕ್ಸ್‌ಗಳಲ್ಲಿ ಇಷ್ಟು ಅಂತಃಕರಣವುಳ್ಳ ಕೃತಿಗಳು ವಿರಳವೆಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ಮೆಲ್ವಿನ್ ರಾಕ್ಷಸರ ಊರಿನಲ್ಲಿ ಬೆಳೆಯುತ್ತಿರುವ ಹಸಿರು ಮೈಬಣ್ಣದ ಹುಡುಗ. ಅವನ ಅಪ್ಪನ ಹೆಸರು ಬ್ಯಾಡಿ. ಅಮ್ಮ ಮಮ್ಮಿ ಅಡಿಯಿಂದ ಮುಡಿಯವರೆಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡ ಈಜಿಪ್ಟಿನ ಮಮ್ಮಿಯೇ ಹೌದು. ಮಗ ಕೆಟ್ಟವನಾಗಿ ಬೆಳೆದು ಮನೆತನದ ಹೆಸರು ಉಳಿಸಬೇಕೆಂಬುದು ಅವರ ಆಸೆ. ಮಗನಿಗೋ ಹೇಳಿದ ಮಾತು ಕೇಳಬೇಕು, ಶಾಲೆಗೆ ಹೋಗಬೇಕು, ಎಲ್ಲರೊಂದಿಗೂ ಚೆನ್ನಾಗಿರಬೇಕು. ಅವನು ಶಾಲೆಗೆ ಹೊರಟರೆ ಶಿಕ್ಷಕಿ ಮಿಸ್ ಮೆಕ್‌ಗಾರ್ಗಾಯ್ಲ್ ಅವನನ್ನು ಒಳಗೆ ಬಿಡದಿರಲು ಪಡಬಾರದ ಪಾಡು ಪಡುತ್ತಾಳೆ. ರಾಕ್ಷಸರ ಮಕ್ಕಳು ಶಾಲೆ ತಪ್ಪಿಸಬೇಕಾದದ್ದು ಧರ್ಮವಾಗಿರುವಾಗ, ಪಾಠ ಕಲಿಯುತ್ತೇನೆಂದು ಬಾಗಿಲಿಗೆ ಬಂದು ನಿಂತ ವಿದ್ಯಾರ್ಥಿಯನ್ನು ಅವಳಾದರೂ ಏನು ಮಾಡಬೇಕು? ಬೆಳಗ್ಗೆ ಎಬ್ಬಿಸಿದರೆ ಹೊಟ್ಟೆನೋವೆಂದು ಹೊದಿಕೆ ಎಳೆದುಕೊಳ್ಳುವ ನನ್ನ ಮಗಳು ಈ ಭಾಗಕ್ಕೆ ಬಿದ್ದು ಬಿದ್ದು ನಕ್ಕಳು.

ರಾಕ್ಷಸ ಕುಲದಲ್ಲಿ ಹುಟ್ಟಿದ ಒಳ್ಳೆಯ ಮಗು ಎಂದಕೂಡಲೇ ನಮಗೆ ನೆನಪಾಗುವುದು ಪ್ರಹ್ಲಾದ. ಆದರೆ ಪ್ರಹ್ಲಾದನಿಗೆ ತಾನು ನಂಬಿದ್ದು ಸತ್ಯವೆಂಬ ಅರಿವಿತ್ತು, ಬೆನ್ನಿಗೆ ಹರಿಯಿದ್ದ. ಮೆಲ್ವಿನ್‌ಗೆ ತಾನು ಒಳ್ಳೆಯವನೆಂಬ ಹೆಮ್ಮೆಯೇ ಇಲ್ಲ. ಅಪ್ಪನಿಗೆ ತನ್ನಿಂದ ನಿರಾಸೆಯಾಗುತ್ತಿದೆಯಲ್ಲ ಎಂಬ ಸಂಕಟ ಮಾತ್ರ ಇದೆ. ಅವನಿಗೂ ಡೇಮನ್ ಎಂಬ ಕಾವಲು ದೆವ್ವವೊಂದುಂಟು, ಆದರೆ ಕಂಬ ಒಡೆದು ಬಂದು ಬ್ಯಾಡಿಯ ಎದೆ ಸೀಳುವವರು ಯಾರೂ ಇಲ್ಲಿಲ್ಲ. ಸ್ಟ್ಯಾನ್ಲಿ ಅಪ್ಪನನ್ನು ಶಿಕ್ಷಿಸುವುದೂ ಇಲ್ಲ, ತಿದ್ದುವುದೂ ಇಲ್ಲ. ಅಪ್ಪ ಅಪ್ಪನಾಗಿ, ಮಗ ಮಗನಾಗಿ ಒಂದೇ ಸೂರಿನಡಿ ಇರುತ್ತಾರೆ. ಹೆತ್ತವರು ಬಯಸಿದಂತೆ ಇರಲಾಗದ ಮಗು ಆ ಮನೆಯಲ್ಲೇ ಲವಲವಿಕೆಯಿಂದ ಬದುಕುವುದನ್ನು ಉಪದೇಶದ ಸೋಂಕಿಲ್ಲದೆ ತೋರಿಸಿದ್ದು ನನ್ನ ಮಟ್ಟಿಗೆ ಈ ಪುಸ್ತಕದ ಬಹುದೊಡ್ಡ ಗುಣ.

ಹಾಗೆಂದು ಇಲ್ಲಿರುವುದು ಬರೀ ಸಕ್ಕರೆಯಲ್ಲ. ಮನೆಯಲ್ಲಿ ಕ್ಲಿಯೋಪಾತ್ರ ಎಂಬ ಸಾಕು ಮೊಸಳೆಯಿದೆ, ಮೆಲ್ವಿನ್‌ನನ್ನು ನುಂಗುವುದೊಂದೇ ಅದರ ಧ್ಯಾನ. ಆ ಅಪಾಯ ನಿಜವಾದದ್ದಾದ್ದರಿಂದಲೇ ಹುಡುಗನ ನಿಷ್ಕಲ್ಮಶ ಸ್ವಭಾವಕ್ಕೆ ತೂಕ ಬರುತ್ತದೆ. ಹೆದರಿಸುವ ವಿದ್ಯೆಯೂ ಸ್ಟ್ಯಾನ್ಲಿ ಅವರಿಗೆ ಚೆನ್ನಾಗಿಯೇ ಕರಗತವಾಗಿತ್ತು. 1940 ಮತ್ತು 50ರ ದಶಕಗಳಲ್ಲಿ, ತಮ್ಮ ಹೆಸರು ಅಚ್ಚಾಗದಿದ್ದರೂ, ‘ಲಿಟಲ್ ಲುಲು’ ಎಂಬ ಪುಟ್ಟ ಹುಡುಗಿಯ ಕಾಮಿಕ್ಸ್ ಕಥೆಗಳನ್ನು ವರ್ಷಗಟ್ಟಲೆ ಬರೆದ ಅವರೇ 1962ರಲ್ಲಿ, ಪಾಳುಬಿದ್ದ ಬೀದಿಯ ಚರಂಡಿಯಿಂದ ಚಾಚಿಬಂದು ಮಕ್ಕಳನ್ನು ಹಿಡಿಯುವ ಉದ್ದನೆಯ ಕೈಯೊಂದರ ಕಥೆ ಬರೆದರು. ಅದನ್ನು ನಾನು ಮಗಳಿಗೆ ಓದಿ ಹೇಳಿಲ್ಲ, ಸದ್ಯಕ್ಕೆ ಹೇಳುವುದೂ ಇಲ್ಲ.

ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ವಿಧಿಸಿಕೊಂಡ 1954ರ ಕಾಮಿಕ್ಸ್ ಸಂಹಿತೆ ರಕ್ತಪಿಶಾಚಿಗಳನ್ನೂ ತೋಳಮಾನವರನ್ನೂ ಪುಟಗಳಿಂದ ಹೊರಗಟ್ಟಿತ್ತು. ಡೆಲ್ ಆ ಸಂಹಿತೆಗೆ ಸೇರಿರಲಿಲ್ಲ, ಹೀಗಾಗಿ ಅದಕ್ಕೆ ಆ ಕಟ್ಟುಪಾಡಿರಲಿಲ್ಲ. 1964ರ ಸೆಪ್ಟೆಂಬರ್‌ನಲ್ಲಿ ‘ದಿ ಮನ್‌ಸ್ಟರ್ಸ್’ ಮತ್ತು ‘ದಿ ಆಡಮ್ಸ್ ಫ್ಯಾಮಿಲಿ’ ಎಂಬ ಎರಡು ಧಾರಾವಾಹಿಗಳು ಟಿವಿಗೆ ಬಂದು, ರಾಕ್ಷಸ ಸಂಸಾರಗಳು ಮನೆಮಾತಾದವು. ಅದರ ಮರುವರ್ಷವೇ ಬಂದ ಮೆಲ್ವಿನ್ ಆ ಅಲೆಯ ಕೂಸು ಎನ್ನುವವರ ಮಾತನ್ನು ಅಲ್ಲಗಳೆಯಲಾರೆ. ಆದರೆ ಆ ಧಾರಾವಾಹಿಗಳಲ್ಲಿ ನಗು ಹುಟ್ಟುವುದು ಹೊರಗಿನವರು ಆ ಮನೆಗಳನ್ನು ಕಂಡು ಬೆಚ್ಚಿಬೀಳುವುದರಿಂದ. ಸ್ಟ್ಯಾನ್ಲಿ ಮನೆಯೊಳಗಿನ ಮಗುವಿನ ಕಣ್ಣಿನಿಂದ ನೋಡಿದರು, ಹೀಗಾಗಿ ಅವರ ಹಾಸ್ಯದ ಬುಡದಲ್ಲಿ ಸದಾ ಒಂದಿಷ್ಟು ನೋವಿನ ಪಸೆ ಇರುತ್ತದೆ.

ಕೆನಡಾದ ಡ್ರಾನ್ ಅಂಡ್ ಕ್ವಾರ್ಟರ್ಲಿ ಪ್ರಕಾಶನ 2009ರಿಂದ ಇವನ್ನು ಮೂರು ಸಂಪುಟಗಳಲ್ಲಿ ಮತ್ತೆ ಅಚ್ಚು ಹಾಕಿದೆ. ವಿನ್ಯಾಸ ವ್ಯಂಗ್ಯಚಿತ್ರಕಾರ ಸೆತ್ ಅವರದು. ಓದಿ ಹೇಳುವವರು ದಯವಿಟ್ಟು ಅವಸರ ಮಾಡಬೇಡಿ. ಮಾತಿಲ್ಲದ ಚೌಕಗಳು ಬಂದಾಗ ಮಗು ತಾನಾಗಿ ಚಿತ್ರ ನೋಡಿ ನಗುವವರೆಗೂ ಪುಟ ತಿರುಗಿಸದೆ ಕಾಯಿರಿ.