ಶಹಾಬಾದ್ ಖಣಿಗೂ ಒಂದು ಮ್ಯೂಸಿಯಂ ಬೇಕು

ಕಲಬುರಗಿಯ ಚರಿತ್ರೆ ಎಂದರೆ ನಮಗೆ ಕೋಟೆ, ಬಹಮನಿ ಸುಲ್ತಾನರ ಗುಂಬಜ್‌ಗಳು, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ. ಸರಿ, ಅವು ಬೇಕು. ಆದರೆ ಪಕ್ಕದ ಶಹಾಬಾದ್‌ನ ಚರಿತ್ರೆಯನ್ನು ನಾವು ದಿನಾ ತುಳಿದುಕೊಂಡೇ ಓಡಾಡುತ್ತೇವೆ. ಮಹಾರಾಷ್ಟ್ರದ ಹಳೆ ಮನೆಗಳಲ್ಲೂ ನೆಲದ ಕಲ್ಲಿಗೆ ಶಹಾಬಾದ್ ಫರ್ಶಿ ಅಂತಲೇ ಹೆಸರು. ಕಲ್ಲು ತೆಗೆದವರ ಹೆಸರು ಮಾತ್ರ ಎಲ್ಲೂ ಇಲ್ಲ.

ನಾನೀಗ ಇರುವುದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಪಕ್ಕದ ವೇಲ್ಸ್‌ನಲ್ಲಿ ಲಾನ್‌ಬೆರಿಸ್ ಎಂಬ ಸಣ್ಣ ಊರಿದೆ. ಅಲ್ಲಿನ ಸ್ಲೇಟ್ ಕಲ್ಲಿನ ಗಣಿ 1969ರಲ್ಲಿ ಮುಚ್ಚಿತು. ಮೂರೇ ವರ್ಷಕ್ಕೆ, 1972ರಲ್ಲಿ, ಗಣಿಯ ವರ್ಕ್‌ಶಾಪನ್ನೇ ಮ್ಯೂಸಿಯಂ ಮಾಡಿದರು. 2021ರಲ್ಲಿ ಆ ಸೀಮೆಯ ಸ್ಲೇಟ್ ಗಣಿ ಪ್ರದೇಶ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ನಾನು ಹೋದಾಗ ಅಲ್ಲೊಬ್ಬ ಕುಶಲಕರ್ಮಿ ಕಲ್ಲು ಸೀಳಿ ತೋರಿಸುತ್ತಿದ್ದರು. ಕಲ್ಲನ್ನು ತೊಡೆಗೆ ಆನಿಸಿ, ಅಗಲ ಬಾಯಿಯ ಉಳಿ ಇಟ್ಟು, ಮೆಲ್ಲಗೆ ಎರಡು ಏಟು. ಕಲ್ಲು ಪುಸ್ತಕದ ಹಾಳೆಯ ಹಾಗೆ ಬಿಟ್ಟುಕೊಂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಮ್ಮ ಖಣಿಯಲ್ಲೂ ಇಂಥದೇ ಕೈಚಳಕ ಇದೆ. ಗೆರೆಯುದ್ದಕ್ಕೂ ಉಳಿ ಹೊಡೆಯುತ್ತಾ ಹೋಗುತ್ತಾರೆ, ಶಬ್ದಕ್ಕೆ ಕಿವಿಗೊಡುತ್ತಾರೆ. ಶಬ್ದ ಟೊಳ್ಳಾಯಿತೋ, ಪದರ ಬಿಟ್ಟಿತು ಅಂತ ಅರ್ಥ. ಆಮೇಲೆ ಹಾರೆ ಹಾಕಿ ಎಬ್ಬಿಸುವುದು. ಉರಿಬಿಸಿಲಲ್ಲಿ ಇದನ್ನು ಮಾಡಿದವರಿಗೆ ಯಾರು ಚಪ್ಪಾಳೆ ತಟ್ಟಿದ್ದಾರೆ ಹೇಳಿ?

ವೇಲ್ಸ್‌ನವರದ್ದು ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಅವರು ಕಹಿಯನ್ನು ಮುಚ್ಚಿಟ್ಟಿಲ್ಲ. ಅದೇ ಸೀಮೆಯ ಪೆನ್ರಿನ್ ಎಂಬ ಇನ್ನೊಂದು ಸ್ಲೇಟ್ ಗಣಿಯಲ್ಲಿ 1900ರಿಂದ 1903ರವರೆಗೆ ದೊಡ್ಡ ಮುಷ್ಕರ ನಡೆಯಿತು. ಆ ಕಾಲದ ಕಾರ್ಮಿಕರ ಮನೆ ಹೇಗಿತ್ತು ಅಂತ ಮ್ಯೂಸಿಯಂನಲ್ಲಿ ಒಂದು ಮನೆಯನ್ನೇ ಸಜ್ಜು ಮಾಡಿಟ್ಟಿದ್ದಾರೆ. ಕಲ್ಲಿನ ಧೂಳು ಶ್ವಾಸಕೋಶ ತಿಂದದ್ದನ್ನೂ ಹೇಳುತ್ತಾರೆ. ನಾವು ಮ್ಯೂಸಿಯಂ ಕಟ್ಟಿದರೆ ಅದರಲ್ಲೂ ಧೂಳು, ಕೂಲಿ, ಗಾಯ ಎಲ್ಲ ಇರಬೇಕು. ಮಾಲೀಕರ ಫೋಟೋಗಳಷ್ಟೇ ಸಾಲದು.

ಹೇಳುವುದಕ್ಕೆ ನಮ್ಮಲ್ಲಿ ಏನು ಕಮ್ಮಿ? ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ 'ರಾಯೋ ಅಸೋಕೋ' (ಅಂದರೆ ರಾಜ ಅಶೋಕ) ಎಂದು ಬರೆದ ಅಶೋಕನ ಶಿಲ್ಪ ಸಿಕ್ಕಿತಲ್ಲ, ಅದನ್ನು ಕಡೆದದ್ದೂ ಈ ಸೀಮೆಯ ಸುಣ್ಣಕಲ್ಲಿನಲ್ಲೇ. 1871ರಲ್ಲಿ ಮುಂಬೈ ರೈಲು ರಾಯಚೂರು ಮುಟ್ಟಿದ ಮೇಲೆ ಇಲ್ಲಿನ ಕಲ್ಲಿಗೆ ದೂರದ ದಾರಿ ತೆರೆಯಿತು. ನಿಜಾಮರ ಕಾಲದಲ್ಲೇ ಸಿಮೆಂಟ್ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿ ಕೂಡಿ ಎಸಿಸಿ (ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್) ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅವುಗಳಲ್ಲೊಂದು.

ವೇಲ್ಸ್‌ನವರು ಗಣಿ ಮುಚ್ಚಿದ ಮೇಲೆ ಎಚ್ಚೆತ್ತರು. ನಾವು ಅಲ್ಲಿಯವರೆಗೆ ಕಾಯಬೇಕಿಲ್ಲ, ಅಲ್ವಾ? ಕಲ್ಲು ಮುಗಿದ ಒಂದು ಖಣಿಗೆ ಬೇಲಿ ಹಾಕಿ, ಮಕ್ಕಳು ನೀರಿಗೆ ಬೀಳದ ಹಾಗೆ ಭದ್ರ ಮಾಡಿ, ಪಕ್ಕದಲ್ಲಿ ಫರ್ಶಿಯಿಂದಲೇ ಎರಡು ಕೋಣೆ ಕಟ್ಟಿದರೂ ಸಾಕು. ಕಲ್ಲು ಒಡೆದ ಹಿರಿಯರನ್ನೇ ಸಂಬಳ ಕೊಟ್ಟು ಅಲ್ಲಿ ಕೂರಿಸಿ. ಅವರು ಕನ್ನಡದಲ್ಲೋ ದಖನಿಯಲ್ಲೋ ತೆಲುಗಿನಲ್ಲೋ ಹೇಳಲಿ, ಕಾಲೇಜು ಹುಡುಗರು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಊರಲ್ಲಿರುವವರಲ್ಲಿ ಸದ್ಯಕ್ಕೆ ಒಂದೇ ಕೋರಿಕೆ: ಅಟ್ಟದ ಮೇಲಿನ ಹಳೆ ಉಳಿ, ಹಾರೆ, ಖಣಿಯ ಹಾಜರಿ ಪುಸ್ತಕ ಯಾವುದನ್ನೂ ಗುಜರಿಗೆ ಹಾಕಬೇಡಿ.