ಹಾರ್ವೆಗಿಂತ ಮೊದಲು ಕೈರೋದಲ್ಲಿ

ರಕ್ತ ಪರಿಚಲನೆಯನ್ನು 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಕಂಡುಹಿಡಿದ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. 13ನೆಯ ಶತಮಾನದ ಇಬ್ನ್ ಅಲ್-ನಫೀಸ್ ಎಲ್ಲಿ ಹೋದ? ಹೃದಯದ ಬಲ, ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳಲ್ಲಿ ಹಾಯುತ್ತದೆ ಎಂಬ ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಮಾತನ್ನು ಸಾವಿರ ವರ್ಷ ವೈದ್ಯರು ನಂಬಿಕೊಂಡು ಬಂದಿದ್ದರು. ಕೈರೋದ ಈ ವೈದ್ಯ ಅದನ್ನು ಸಾರಾಸಗಟಾಗಿ ತಳ್ಳಿಹಾಕಿದ. ಗೋಡೆ ಗಟ್ಟಿಯಾಗಿದೆ, ರಂಧ್ರವೇ ಇಲ್ಲ. ರಕ್ತ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಡನೆ ಬೆರೆತು ಎಡಕೋಣೆಗೆ ಬರುತ್ತದೆ ಎಂದು ಬರೆದ. ಅದೂ ಎಲ್ಲಿ? ಪರ್ಷಿಯಾದ ಹಿರಿಯ ವೈದ್ಯ ಇಬ್ನ್ ಸೀನಾನ ವೈದ್ಯಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ! ಹಳೆಯದನ್ನು ವಿವರಿಸುವ ನೆಪದಲ್ಲಿ ಹೊಸದನ್ನು ಹೇಳುವ ಈ ಜಾಣತನ ನಮ್ಮ ಭಾಷ್ಯಕಾರರಿಗೂ ಗೊತ್ತಿತ್ತು. 1924ರಲ್ಲಿ ಈಜಿಪ್ಟಿನ ವೈದ್ಯ ತತಾವಿ ಬರ್ಲಿನ್ನಿನಲ್ಲಿದ್ದ ಈ ವ್ಯಾಖ್ಯಾನದ ಹಸ್ತಪ್ರತಿಯನ್ನು ಓದಿದ ಮೇಲೆಯೇ ಆಧುನಿಕ ವಿದ್ವಾಂಸರ ಗಮನ ಇತ್ತ ಹರಿದದ್ದು.

ಹಾಗೆಂದು, ಆ ಲೇಖನಕ್ಕೆ ಪ್ರತಿಕ್ರಿಯೆಯಾಗಿ ಒಬ್ಬರು ಬರೆದಿರುವಂತೆ ನಫೀಸ್‌ನ ವಿಚಾರವನ್ನು ‘ಹಾರ್ವೆ ಕದ್ದ’ ಎನ್ನುವುದು ಶುದ್ಧ ಅತಿರೇಕ. ನಫೀಸ್ ಹೇಳಿದ್ದು ಹೃದಯ ಮತ್ತು ಶ್ವಾಸಕೋಶದ ನಡುವಿನ ದಾರಿಯನ್ನು ಮಾತ್ರ. ಹೃದಯ ಹೊರಹಾಕುವ ರಕ್ತದ ಪ್ರಮಾಣವನ್ನು ಲೆಕ್ಕಹಾಕಿ, ತೋಳಿಗೆ ಪಟ್ಟಿ ಬಿಗಿದು ಹರಿವನ್ನು ಪರೀಕ್ಷಿಸಿ, ರಕ್ತ ಇಡೀ ದೇಹವನ್ನು ಸುತ್ತಿಬರುತ್ತದೆ ಎಂದು ತೋರಿಸಿದವನು ಹಾರ್ವೆಯೇ. ಅವನಿಗೂ ಕಾಣದ ಲೋಮನಾಳಗಳನ್ನು, ಅಂದರೆ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸುವ ಅತಿ ಸಣ್ಣ ನಾಳಗಳನ್ನು, 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಮೂಲಕ ಕಂಡ.