ವಿಶ್ರಾಂತಿಗೂ ಟೈಮ್ ಟೇಬಲ್ಲು

ಇವಾಲೋ ವಿಮಾನ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಫಿನ್ಲೆಂಡಿನ ಉತ್ತರಕ್ಕೆ ಇದೇ ಕೊನೇ ನಿಲ್ದಾಣ. ಈಗಷ್ಟೇ ಒಂದು ಮೇಲ್ ಬಂತು, ನಾಲ್ಕು ದಿನ ಇದ್ದ ಸ್ಪಾ ಹೋಟೆಲಿನಿಂದ. "ನಿಮಗೆ ಎಷ್ಟು ವಿಶ್ರಾಂತಿ ಸಿಕ್ಕಿತು? 1ರಿಂದ 10ರೊಳಗೆ ಅಂಕ ಕೊಡಿ." ಅದನ್ನು ನೋಡಿದ ಕೂಡಲೇ, ಸಿಕ್ಕಿದ್ದ ಅಷ್ಟಿಷ್ಟು ವಿಶ್ರಾಂತಿಯೂ ಹಾರಿಹೋಯಿತು.

ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ. ಎರಡು ನಿಮಿಷ ಸುಮ್ನೆ ಕೂರುವ ಜನ್ಮ ಅಲ್ಲ ಇದು. "ಎಲ್ಲಾದರೂ ಹೋಗಿ ಮಲಗು ಮಾರಾಯ್ತಿ" ಅಂತ ನೀವೇ ನಾಲ್ಕಾರು ಜನ ಬೈದಿದ್ದಿರಿ. ಸರಿ ಅಂತ ಹೆಲ್ಸಿಂಕಿಯಿಂದ ಹೊರಟು ಇನಾರಿ ಸರೋವರದ ದಡಕ್ಕೆ ಹೋದೆ. ಮೂರು ಸಾವಿರಕ್ಕೂ ಜಾಸ್ತಿ ದ್ವೀಪಗಳಿರುವ ಸರೋವರ ಅದು. ಈಗ ಡಿಸೆಂಬರ್ ಕೊನೆ. ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದಕ್ಷಿಣದ ಕಡೆ ಸ್ವಲ್ಪ ಗುಲಾಬಿ, ಮಿಕ್ಕಿದ್ದೆಲ್ಲ ನೀಲಿ. ಹಿಮವೂ ನೀಲಿ, ಮರವೂ ನೀಲಿ. ಇಲ್ಲಿಯವರು ಈ ಕಾಲವನ್ನು ಕಾಮೋಸ್ ಅನ್ನುತ್ತಾರೆ. ಮಲಗುವುದಕ್ಕೆ ಇದಕ್ಕಿಂತ ಒಳ್ಳೇ ಜಾಗ ಭೂಮಿ ಮೇಲೆ ಇದೆಯಾ?

ರೂಮಿಗೆ ಕಾಲಿಟ್ಟರೆ ದಿಂಬಿನ ಮೇಲೆ ಒಂದು ಹಾಳೆ. 7.30ಕ್ಕೆ ಉಸಿರಾಟ. 9.15ಕ್ಕೆ ಮೌನ ನಡಿಗೆ. 11ಕ್ಕೆ ಹಿಮಾಲಯದ ಬಟ್ಟಲಿನ ನಾದ. 4ಕ್ಕೆ ಸೌನಾ, ಅಂದರೆ ಬಿಸಿ ಕೋಣೆಯ ಹಬೆಸ್ನಾನ, 4.20ಕ್ಕೆ ಹಿಮದ ನೀರು, 4.25ಕ್ಕೆ ಮತ್ತೆ ಸೌನಾ. ರಾತ್ರಿ ಆಕಾಶದಲ್ಲಿ ಅರೋರಾದ ಬಣ್ಣದ ಬೆಳಕು ಕಾಣಿಸಿದರೆ ಫೋನಿಗೆ ಅಲಾರಂ. ನನ್ನ ಆಫೀಸಿನ ಕ್ಯಾಲೆಂಡರ್ ಇದಕ್ಕಿಂತ ಖಾಲಿ ಇರುತ್ತದೆ!

ಬೆಳಗಿನ ಉಸಿರಾಟದ ಕ್ಲಾಸಿಗೆ ಹೋದೆ. ಗಡ್ಡ ಬಿಟ್ಟ ಒಬ್ಬ ಹುಡುಗ ನನಗೆ ಪ್ರಾಣಾಯಾಮ ಹೇಳಿಕೊಟ್ಟ. "ಪ್ರಾಣಾ" ಅಂತ ಎಳೆದೆಳೆದು ಉಚ್ಚರಿಸುವುದನ್ನು ನನಗೇ ತಿದ್ದಿದ. ಅದಕ್ಕೆ ಬೇರೆ ಬಿಲ್ಲು, ಯೂರೋದಲ್ಲಿ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇದರಲ್ಲಿ ಒಂದು ತಮಾಷೆ ಇದೆ. ಸೌನಾದ ಬಿಸಿ ಕಲ್ಲಿಗೆ ನೀರು ಎರಚಿದಾಗ ಏಳುವ ಹಬೆಗೆ ಫಿನ್ನಿಶ್‌ನಲ್ಲಿ ಲೋಯ್ಲು ಅನ್ನುತ್ತಾರೆ. ಆ ಪದಕ್ಕೆ ಹಿಂದೆ ಉಸಿರು, ಜೀವ ಅಂತಲೇ ಅರ್ಥ ಇತ್ತು. ಹಂಗೇರಿಯನ್ನರ ಭಾಷೆಯಲ್ಲಿ ಆತ್ಮಕ್ಕೆ ಇರುವ ಪದ ಇದರ ದಾಯಾದಿ. ತಮ್ಮದೇ ಪ್ರಾಣ ಒಲೆಯ ಮೇಲೆ ಕೂತಿದೆ. ಅದನ್ನು ಬಿಟ್ಟು ನನ್ನದನ್ನು ನನಗೇ ಮಾರುತ್ತಾರೆ.

ಸೌನಾಕ್ಕೆ ಟೈಮ್ ಟೇಬಲ್ ಹಾಕುವುದನ್ನಂತೂ ನನಗೆ ಕ್ಷಮಿಸಲು ಆಗುವುದಿಲ್ಲ. ಈ ದೇಶದಲ್ಲಿ ಇರುವ ಜನ ಸುಮಾರು 56 ಲಕ್ಷ, ಸೌನಾಗಳು ಸುಮಾರು 30 ಲಕ್ಷ. 2020ರಲ್ಲಿ ಯುನೆಸ್ಕೋದವರು ಇದನ್ನು ಪರಂಪರೆಯ ಪಟ್ಟಿಗೂ ಸೇರಿಸಿದರು. ಹಿಂದೆ ಹೆರಿಗೆ ಆಗುತ್ತಿದ್ದದ್ದು ಸೌನಾದಲ್ಲೇ. ಸತ್ತವರಿಗೆ ಕೊನೇ ಸ್ನಾನ ಮಾಡಿಸುತ್ತಿದ್ದದ್ದೂ ಅಲ್ಲೇ. ಸೌನಾದಲ್ಲಿ ಚರ್ಚಿನಲ್ಲಿ ಇದ್ದ ಹಾಗೆ ಇರಬೇಕು ಅಂತ ಇವರದ್ದೊಂದು ಗಾದೆ ಇದೆ. ಅಂಥ ಕಡೆ ನಮ್ಮ ಹೋಟೆಲಿನ ಅತಿಥಿಗಳು ಏನು ಕೇಳುತ್ತಿದ್ದರು ಗೊತ್ತಾ? "ಎಷ್ಟು ನಿಮಿಷ ಕೂತರೆ ಪೂರ್ತಿ ಲಾಭ?" ನನ್ನ ಪಕ್ಕದ ಹೆಂಗಸು ಗೋಡೆಯ ಮೇಲಿನ ಮರಳಿನ ಗಡಿಯಾರದಿಂದ ಕಣ್ಣೇ ತೆಗೆಯಲಿಲ್ಲ. ಮೈಮೇಲೆ ನೂಲಿಲ್ಲದೆ ಕೂತಿದ್ದೇವೆ, ಆದರೂ ಲೆಕ್ಕ ಬಿಟ್ಟಿಲ್ಲ.

ಲೆಕ್ಕ ಹಾಕಲು ಹೊರಟರೆ ಏನಾಗುತ್ತದೆ ಅಂತ ಇದೇ ದೇಶ ಒಂದು ಸಲ ನೋಡಿದೆ. ಹೈನೋಲಾ ಅನ್ನುವ ಊರಿನಲ್ಲಿ 1999ರಿಂದ ಸೌನಾದ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. 110 ಡಿಗ್ರಿ ಬಿಸಿ, ಅರ್ಧರ್ಧ ನಿಮಿಷಕ್ಕೆ ಅರ್ಧ ಲೀಟರ್ ನೀರು. ಕೊನೇವರೆಗೆ ಕೂತವನೇ ಗೆದ್ದ ಹಾಗೆ. 2010ರ ಫೈನಲ್‌ನಲ್ಲಿ ಉಳಿದಿದ್ದ ಇಬ್ಬರೂ ಕುಸಿದುಬಿದ್ದರು, ಒಬ್ಬ ಸತ್ತೇ ಹೋದ. ಸ್ಪರ್ಧೆ ಅಲ್ಲಿಗೆ ನಿಂತಿತು. ಸುಮ್ನೆ ಕೂರುವುದರಲ್ಲೂ ಫಸ್ಟ್ ಬರಬೇಕು ಅನ್ನುವ ಚಟ ಇದು. ಹೋಟೆಲಿನ ಆ ಹಾಳೆ ಅದರ ಸಾಧು ರೂಪ, ಅಷ್ಟೇ.

"ಅಲ್ಲ, ಟೈಮ್ ಟೇಬಲ್ ಇಲ್ಲದಿದ್ದರೆ ನಿನ್ನಂಥವರು ರೂಮಿನಲ್ಲಿ ಫೋನ್ ಉಜ್ಜುತ್ತಾ ಕೂರುತ್ತಾರೆ" ಅಂತ ನೀವು ಹೇಳಬಹುದು. ನಿಜ, ಕೂರುತ್ತೇನೆ. ಕೂರಲಿ ಬಿಡಿ! ಎರಡು ದಿನ ಉಜ್ಜಿ ಬೇಜಾರಾಗಿ ಮೂರನೇ ದಿನ ಕಿಟಕಿ ಕಡೆ ನೋಡುತ್ತೇನೆ. ಬೇಜಾರಾಗುವುದಕ್ಕೂ ಸ್ವಲ್ಪ ಟೈಮ್ ಬೇಕಲ್ವಾ? ಅದನ್ನೇ ಕೊಡದೆ 7.30ಕ್ಕೆ ಉಸಿರಾಡಿ ಅಂದರೆ ಹೇಗೆ?

ನಾನೇನೂ ಸಾಚಾ ಅಲ್ಲ, ಒಪ್ಪಿಕೊಳ್ಳುತ್ತೇನೆ. ಎರಡನೇ ದಿನ ಬೆಳಗ್ಗೆ ಎದ್ದವಳು ಮೊದಲು ನೋಡಿದ್ದು ಕೈಗಡಿಯಾರವನ್ನು. ಅದು ನನ್ನ ನಿದ್ದೆಗೆ ಕೊಟ್ಟಿದ್ದು 61 ಅಂಕ. ಎದ್ದಾಗ ಆರಾಮಾಗೇ ಇದ್ದೆ, 61 ನೋಡಿದ ಮೇಲೆ ಸುಸ್ತಾಯಿತು. ಆ ರಾತ್ರಿ ಜಾಸ್ತಿ ಅಂಕ ತೆಗೆಯಬೇಕು ಅಂತ ಬೇಗ ಮಲಗಿದೆ. ಮೂರು ಗಂಟೆವರೆಗೆ ಕಣ್ಣು ಮುಚ್ಚಲಿಲ್ಲ. ಸಿಟ್ಟು ಬಂದು ಅದನ್ನು ಬಿಚ್ಚಿ ಎಸೆದೆ. ಅಂದರೆ, ಹಾಸಿಗೆ ಮೇಲೆ ಎಸೆದೆ. ದುಡ್ಡು ಕೊಟ್ಟು ತಂದದ್ದು ತಾನೇ.

ಮೂರನೇ ದಿನ ಹಾಳೆಯನ್ನು ಮಡಚಿಟ್ಟು, ಎಲ್ಲರೂ ಬಟ್ಟಲಿನ ನಾದ ಕೇಳಲು ಹೋದ ಹೊತ್ತಿನಲ್ಲಿ ದಡದ ಹಳೇ ಸೌದೆ ಸೌನಾಕ್ಕೆ ಹೋದೆ. ಒಳಗೆ ಒಬ್ಬ ಅಜ್ಜಿ. ಊರಿನವರೇ ಇರಬೇಕು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಬಿಟ್ಟರು. ಮರದ ಸೌಟು ಎತ್ತಿ, "ಲೋಯ್ಲು?" ಅಂತ ಹುಬ್ಬು ಹಾರಿಸಿದರು. ತಲೆ ಆಡಿಸಿದೆ. ಚುಸ್ ಅಂತ ಸದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಿಸಿ ಸೂರಿನಿಂದ ಇಳಿದು ಕಿವಿಯ ತುದಿ, ಭುಜ, ಬೆನ್ನು ಅಂತ ಹತ್ತಿಕೊಂಡು ಬಂತು. ಅಷ್ಟೇ ಮಾತು. ಹೊಗೆ, ಒದ್ದೆ ಬರ್ಚ್ ಎಲೆ, ಸೌದೆಯ ವಾಸನೆ. ಅಜ್ಜಮ್ಮನ ಬಚ್ಚಲಿನ ಹಂಡೆ ಒಲೆಯ ಮುಂದೆ ಕೂತ ಹಾಗಿತ್ತು.

ಆಮೇಲೆ ಅವರ ಹಿಂದೆಯೇ ಹೊರಗೆ ಹೋದೆ. ಮೈನಸ್ 22. ಮಂಜುಗಡ್ಡೆಯಲ್ಲಿ ಕೊರೆದ ಚೌಕ, ಒಂದು ಮರದ ಏಣಿ, ನೀರು ಹೆಪ್ಪುಗಟ್ಟದಿರಲಿ ಅಂತ ಒಳಗೆ ಗುಳುಗುಳು ಅನ್ನುವ ಪಂಪು. ಅಜ್ಜಿ ಉಣ್ಣೆಯ ಕಾಲುಚೀಲ ಹಾಕಿಕೊಂಡೇ, ಹಾಲು ತರಲು ಹೊರಟವರ ಹಾಗೆ ಇಳಿದು ಹತ್ತಿ ಬಂದರು. ನಾನು ಇಳಿದೆ, ಕಿರುಚಿದೆ, ಹತ್ತಿದೆ. ಕಾಲುಚೀಲ ಏಣಿಗೆ ಅಂಟಿಕೊಂಡಿತು. ಅವರು ಬಗ್ಗಿ ಅದನ್ನು ಪರಪರ ಎಳೆದು ಬಿಡಿಸಿಕೊಟ್ಟರು. ಆಗಲೂ ಮಾತಿಲ್ಲ.

ಒಳಗೆ ಬಂದು ಕೂತ ಮೇಲೆ ಯಾಕೋ ಅಪ್ಪ ನೆನಪಾದರು. ಅವರು ಹೋದಾಗ ನಾನು ತಲುಪುವ ಹೊತ್ತಿಗೆ ಸ್ನಾನ ಮಾಡಿಸಿ ಆಗಿತ್ತು. ಎರಡು ವರ್ಷ ಆಯಿತು. ಅಲ್ಲೇ ಕೂತು ಅತ್ತುಬಿಟ್ಟೆ. ಬೆವರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಅಜ್ಜಿಗೆ ಗೊತ್ತಾಗಿರಬಹುದು. ಇನ್ನೊಂದು ಸೌಟು ನೀರು ಹಾಕಿದರು. ಎಷ್ಟು ಹೊತ್ತು ಕೂತೆವೋ ನನಗೆ ಗೊತ್ತಿಲ್ಲ.

ವಾಪಸ್ ಹೋದರೆ ರಿಸೆಪ್ಷನ್ ಹುಡುಗಿ ನಗುನಗುತ್ತಾ, "11 ಗಂಟೆಯ ಸೆಷನ್ ತಪ್ಪಿಸಿಕೊಂಡಿರಿ, ನಾಳೆಗೆ ಹಾಕಲಾ?" ಅಂದಳು.

ಈಗ ಇದಕ್ಕೆಲ್ಲ ಅಂಕ ಬೇಕಂತೆ. ಎಷ್ಟು ಕೊಡಲಿ? ಫಾರ್ಮಿನಲ್ಲಿ ಅಜ್ಜಿಗೆ ಕಾಲಂ ಇಲ್ಲ. ಬಟ್ಟಲಿನ ನಾದಕ್ಕೆ ಇದೆ, ಗಡ್ಡದ ಹುಡುಗನಿಗೆ ಇದೆ, ದಿಂಬಿನ ಮೆದುತನಕ್ಕೂ ಇದೆ. ವಿಮಾನ ಬೇರೆ ಲೇಟು. ಎಷ್ಟು ಲೇಟು ನೋಡೋಣ ಅಂತ ಮಣಿಕಟ್ಟು ತಿರುಗಿಸಿದರೆ ಬರೀ ಬಿಳೀ ಗೆರೆ. ವಾಚು ಚೆಕ್-ಇನ್ ಬ್ಯಾಗಿನಲ್ಲಿದೆ, ಒಣಗದ ಕಾಲುಚೀಲದೊಳಗೆ.